ತಪ್ಪು ವಿಧಾನದ ಊಟ

ಅಡುಗೆ ಕಲಿಯಲು ಬೆಂಕಿಯ ಅಗತ್ಯವಿಲ್ಲವೆಂದು ಸರ್ಕಾರ ಕಳೆದ ವರ್ಷ ಆದೇಶ ಹೊರಡಿಸಿತು. ಆದೇಶ ಏಳು ಪ್ರತಿಗಳಲ್ಲಿತ್ತು. ಏಳರ ಕೆಳಗೂ ಇರುವ ಸಹಿ ನನ್ನದು.

ನಾನು ತರಬೇತಿ ಇಲಾಖೆಯಲ್ಲಿ ಅಧೀನ ಕಾರ್ಯದರ್ಶಿ. ಅಡುಗೆಯಲ್ಲಿ ನನ್ನ ಜ್ಞಾನ ಎಷ್ಟೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಹೆಂಡತಿ ಅದನ್ನು ಬೀದಿಗೆಲ್ಲ ಹೇಳಿ ಮುಗಿಸಿದ್ದಾಳೆ. ಬಾಣಸಿಗರ ಮತ್ತು ಆತಿಥ್ಯ ಸಿಬ್ಬಂದಿಯ ತರಬೇತಿ ನೀತಿಯನ್ನು ಬರೆಯುವ ಹೊಣೆ ನನಗೆ ಬಿತ್ತೆಂದು ಮನೆಗೆ ಬಂದು ಎದೆಯುಬ್ಬಿಸಿ ಹೇಳಿದಾಗ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನೀವಾ? ರೀ, ಹಾಲು ಉಕ್ಕಿದ್ರೆ ಒಲೆ ಆರಿಸೋದು ಬಿಟ್ಟು ನನ್ನ ಹೆಸರು ಹಿಡಿದು ಕೂಗೋರು ನೀವು."

"ನೀತಿ ಬರೆಯೋದಕ್ಕೆ ಹಾಲು ಕಾಯಿಸೋದು ಗೊತ್ತಿರಬೇಕಾಗಿಲ್ಲ," ಎಂದೆ.

"ಅದೂ ನಿಜ. ಗೊತ್ತಿದ್ದೋರು ಬರೀತಾ ಕೂತಿರ್ತಾರಾ," ಎಂದು ಪಾತ್ರೆ ಎತ್ತಿಕೊಂಡಳು.

ಹಿನ್ನೆಲೆ ಹೀಗಿದೆ. ಮಂತ್ರಿಗಳು ಯಾವುದೋ ಹೋಟೆಲಿನಲ್ಲಿ ಸೂಪಿಗಾಗಿ ಐವತ್ತು ನಿಮಿಷ ಕಾದರಂತೆ. ಐವತ್ತೊಂದನೇ ನಿಮಿಷಕ್ಕೆ, ನೂರು ದಿನದೊಳಗೆ ಹತ್ತು ಸಾವಿರ ನುರಿತ ಬಾಣಸಿಗರನ್ನು ತಯಾರಿಸುವುದಾಗಿ ಪತ್ರಕರ್ತರ ಮುಂದೆ ಘೋಷಿಸಿಬಿಟ್ಟರು. ನಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆದು ಮೂರು ದಿನ ಕೊಟ್ಟರು. ಮೊದಲ ದಿನ ನಾನು ಪೆನ್ನಿನ ತುದಿ ಕಚ್ಚಿದೆ. ಎರಡನೇ ದಿನ "ಪೀಠಿಕೆ" ಎಂದು ಬರೆದು ಅದಕ್ಕೆ ಅಡಿಗೆರೆ ಎಳೆದೆ. ಮೂರನೇ ದಿನ ನಮ್ಮ ಇಲಾಖೆಯ ಎಲ್ಲರೂ ಮಾಡುವುದನ್ನೇ ಮಾಡಿದೆ: ದಾಖಲೆ ಕೋಣೆಗಿಳಿದು ಹಳೆಯ ಕಡತ ಹುಡುಕಿದೆ. ಹಳೆಯ ಕಡತ ನೋಡದೆ ಹೊಸ ಕಡತ ಬರೆಯುವವರನ್ನು ನಮ್ಮಲ್ಲಿ ದುಡುಕು ಸ್ವಭಾವದವರೆಂದು ಪರಿಗಣಿಸಲಾಗುತ್ತದೆ.

ಸಿಕ್ಕಿದ್ದು ಸೆರೆಮನೆ ಕಾವಲುಗಾರರ ತರಬೇತಿ ನೀತಿ. ಅಂದವಾದ ಕಡತ, ಮೂವತ್ತೊಂದು ನಿಯಮಗಳು, ಒಂದೂ ಕಾಗುಣಿತದ ತಪ್ಪಿಲ್ಲ. ನಾನು ಕಂಪ್ಯೂಟರಿನ ಮುಂದೆ ಕುಳಿತು "ಸೆರೆಮನೆ" ಇದ್ದಲ್ಲೆಲ್ಲ "ಹೋಟೆಲ್" ಎಂದೂ, "ಕಾವಲುಗಾರ" ಇದ್ದಲ್ಲಿ "ಆತಿಥ್ಯ ಸಿಬ್ಬಂದಿ" ಎಂದೂ, "ಕೈದಿ" ಇದ್ದಲ್ಲಿ "ಅತಿಥಿ" ಎಂದೂ ಬದಲಾಯಿಸಿದೆ. ಒಂದು ಗುಂಡಿ ಒತ್ತಿದ್ದಕ್ಕೆ ನಾನೂರ ಹನ್ನೆರಡು ಕೈದಿಗಳು ಅತಿಥಿಗಳಾದರು. ಅಷ್ಟು ಜನರನ್ನು ಒಂದೇ ಸಲಕ್ಕೆ ಬಿಡುಗಡೆ ಮಾಡಿದ ಅಧಿಕಾರಿ ಇನ್ನೊಬ್ಬನಿಲ್ಲವೆಂದು ಅಂದು ಸಂಜೆ ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು. ಓದಿ ನೋಡಲು ಮಾತ್ರ ಪುರಸೊತ್ತಾಗಲಿಲ್ಲ.

ಕಾರ್ಯದರ್ಶಿಗಳು ಓದಿದರು. "ಶಿಸ್ತು ಇದೆ ಕಣ್ರೀ ಇದರಲ್ಲಿ. ಎಲ್ಲೋ ಓದಿದ ಹಾಗೂ ಇದೆ," ಎಂದು ಹೇಳಿ ಎರಡನೇ ಪುಟದಲ್ಲಿ ಒಂದು ಅಲ್ಪವಿರಾಮ ಸೇರಿಸಿ ಮೇಲಕ್ಕೆ ಕಳಿಸಿದರು. ಮೇಲಿನವರು ಅಲ್ಪವಿರಾಮ ತೆಗೆದು ಅನುಮೋದಿಸಿದರು.

ನೀತಿಯ ಮುಖ್ಯಾಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ಕೊಡುತ್ತಿದ್ದೇನೆ.

ನಿಯಮ ಮೂರು: ತರಬೇತಿಗೆ ಸೇರುವವರ ಎತ್ತರ ಮತ್ತು ಎದೆಯ ಸುತ್ತಳತೆಯನ್ನು ದಾಖಲಿಸತಕ್ಕದ್ದು. ವಯಸ್ಸಿನ ಬಗ್ಗೆ ಸಂಶಯವಿದ್ದಲ್ಲಿ ಹಲ್ಲು ನೋಡಿ ನಿರ್ಧರಿಸತಕ್ಕದ್ದು.

ನಿಯಮ ಆರು: ಅತಿಥಿಗಳನ್ನು ದಿನಕ್ಕೆ ಮೂರು ಬಾರಿ ಎಣಿಸತಕ್ಕದ್ದು. ಎಣಿಕೆ ತಾಳೆಯಾಗುವವರೆಗೆ ಯಾರಿಗೂ ಊಟ ಬಡಿಸಕೂಡದು.

ನಿಯಮ ಒಂಬತ್ತು: ಬೆಂಕಿ, ಚಾಕು, ಹಗ್ಗ ಮತ್ತು ಗಾಜಿನ ವಸ್ತುಗಳನ್ನು ತರಬೇತಿ ಆವರಣದೊಳಕ್ಕೆ ತರಕೂಡದು.

ನಿಯಮ ಹದಿನೇಳು: ಅತಿಥಿಗಳೊಡನೆ ಸಲುಗೆ ಬೆಳೆಸಕೂಡದು. ಅವರ ಕುಟುಂಬದ ಯೋಗಕ್ಷೇಮ ವಿಚಾರಿಸುವುದು, ಕಾರಣವಿಲ್ಲದೆ ನಗುವುದು ಇತ್ಯಾದಿಗಳನ್ನು ಅಶಿಸ್ತೆಂದು ಭಾವಿಸತಕ್ಕದ್ದು.

ನಿಯಮ ಇಪ್ಪತ್ತೆರಡು: ಪ್ರಮಾಣಪತ್ರವಿಲ್ಲದವರು ಯಾವುದೇ ಸರ್ಕಾರಿ ಕಟ್ಟಡದಲ್ಲಿ ಅಡುಗೆ ಮಾಡತಕ್ಕದ್ದಲ್ಲ. ಪ್ರಮಾಣಪತ್ರ ಪಡೆದವರು ಬೋಧಿಸಿದ ವಿಧಾನವನ್ನು ಬಿಟ್ಟು ಬೇರೆ ವಿಧಾನದಲ್ಲಿ ಮಾಡತಕ್ಕದ್ದಲ್ಲ.

ತರಬೇತಿ ಸಂಸ್ಥೆಯ ಉದ್ಘಾಟನೆಗೆ ಮಂತ್ರಿಗಳೇ ಬಂದರು. ರಿಬ್ಬನ್ ಕತ್ತರಿಸುವ ಹೊತ್ತಿಗೆ ಒಂಬತ್ತನೇ ನಿಯಮದ ನೆನಪಾಗಿ ಕತ್ತರಿಯನ್ನು ಗೇಟಿನಲ್ಲೇ ತಡೆಯಲಾಗಿತ್ತು. ಮಂತ್ರಿಗಳು ಗಂಟನ್ನು ಉಗುರಿನಿಂದ ಬಿಚ್ಚಲು ತೊಡಗಿದರು. ಹನ್ನೊಂದು ನಿಮಿಷ ಬೇಕಾಯಿತು, ಕೊನೆಯ ಎರಡು ನಿಮಿಷ ಹಲ್ಲನ್ನೂ ಬಳಸಿದರು. ನಾವು ಅಷ್ಟೂ ಹೊತ್ತು ಚಪ್ಪಾಳೆ ತಟ್ಟಿದೆವು.

ಇಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿತ್ತು. ತೊಂದರೆ ಶುರುವಾದದ್ದು ಇಪ್ಪತ್ತೆರಡನೇ ನಿಯಮ ನಮ್ಮ ಕಟ್ಟಡದ ಮೆಟ್ಟಿಲಿಳಿದು ನೆಲಮಹಡಿಗೆ ಬಂದಾಗ.

ನೆಲಮಹಡಿಯಲ್ಲಿ ನಮ್ಮ ಕ್ಯಾಂಟೀನ್ ಇದೆ. ಅಲ್ಲಿ ಇಪ್ಪತ್ತಾರು ವರ್ಷದಿಂದ ಅಡುಗೆ ಮಾಡುತ್ತಿರುವವರನ್ನು ನಾವೆಲ್ಲ ಸೌಟಣ್ಣ ಎನ್ನುತ್ತೇವೆ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು. ಸೌಟಣ್ಣ ಬಾಣಲೆಗೆ ಈರುಳ್ಳಿ ಹಾಕಿ ಬೆನ್ನು ತಿರುಗಿಸಿ ನಿಂತು ಬೇರೆ ಕೆಲಸ ಮಾಡುತ್ತಾರೆ. ಈರುಳ್ಳಿಯ ಸದ್ದು ಬದಲಾದ ಕ್ಷಣಕ್ಕೆ ತಿರುಗಿ ಉರಿ ಇಳಿಸುತ್ತಾರೆ. ನೋಡುವುದೇ ಇಲ್ಲ, ಕೇಳಿಸಿಕೊಳ್ಳುತ್ತಾರೆ. ಹನ್ನೊಂದು ಮುಕ್ಕಾಲಿಗೆ ಆ ಪರಿಮಳ ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಗೆ ಬಂದರೆ ಅಲ್ಲಿಂದ ಮುಂದೆ ಇಲಾಖೆಯಲ್ಲಿ ಒಂದು ಕಡತವೂ ಅಲುಗುವುದಿಲ್ಲ. ಅದಕ್ಕೂ ಮುಂಚೆ ಅಲುಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ.

ಕಾರ್ಯದರ್ಶಿಗಳಿಗೆ ಸಕ್ಕರೆ ಕಾಯಿಲೆ, ಬೆರಳಚ್ಚಿನ ಅಕ್ಕನಿಗೆ ಬೆಳ್ಳುಳ್ಳಿ ಆಗದು, ನಾವೆಲ್ಲ ಮಾವ ಎನ್ನುವ ಲೆಕ್ಕ ವಿಭಾಗದ ಹಿರಿಯರಿಗೆ ಮೇಲಿನ ಸಾಲಿನಲ್ಲಿ ಹಲ್ಲಿಲ್ಲ. ಇದೆಲ್ಲ ಎಲ್ಲೂ ಬರೆದಿಲ್ಲ, ಸೌಟಣ್ಣನ ತಲೆಯಲ್ಲಿದೆ. ನನಗೆ ಹೊಟ್ಟೆಯ ಹುಣ್ಣು. ಹದಿನಾಲ್ಕು ವರ್ಷದಿಂದ ನನಗೆಂದೇ ಒಲೆಯ ಮೂಲೆಯಲ್ಲಿ ಖಾರವಿಲ್ಲದ ಸೂಪಿನ ಸಣ್ಣ ಪಾತ್ರೆ ಕೂತಿರುತ್ತದೆ, ಪಕ್ಕದಲ್ಲಿ ಬ್ರೆಡ್ಡಿನ ತುದಿ. ನನಗೆ ತುದಿಯೇ ಇಷ್ಟವೆಂದು ನಾನು ಅವರಿಗೆ ಯಾವತ್ತೂ ಹೇಳಿದವನಲ್ಲ.

ಇಂಥವರಿಗೆ ನಾನು ನೋಟಿಸು ಕೊಟ್ಟೆ. ಕೈಯಲ್ಲಿ ಕೊಡಲು ಮುಖವಿಲ್ಲದೆ ಕ್ಯಾಂಟೀನಿನ ಗೋಡೆಗೆ ಅಂಟಿಸಿದೆ. ಅಂಟಿಸಲು ಅಂಟು ಸಿಗದೆ ಒದ್ದಾಡುತ್ತಿದ್ದಾಗ ಸೌಟಣ್ಣನೇ ಹಿಟ್ಟು ಕಲಸಿ ಕೊಟ್ಟರು.

"ಏನಿದೆ ಸಾರ್ ಇದರಲ್ಲಿ?"

"ಆರು ವಾರದ ತರಬೇತಿಗೆ ಹೋಗಬೇಕು ಸೌಟಣ್ಣ. ಪಾಸಾದ್ರೆ ವಾಪಸ್ ಇಲ್ಲೇ. ಒಂದು ಕಾಗದ ಅಷ್ಟೇ, ಶಾಸ್ತ್ರಕ್ಕೆ."

"ಅಡುಗೆ ಕಲಿಸ್ತಾರಾ?"

"ಹೌದು."

"ಒಳ್ಳೇದೇ ಆಯ್ತು. ಕಲಿಯೋದು ಎಷ್ಟಿದ್ರೂ ಇದ್ದೇ ಇರುತ್ತೆ," ಎಂದು ಕೈಯ ಹಿಟ್ಟು ತೊಳೆದುಕೊಂಡರು. ಅವರು ನಿಜಕ್ಕೂ ಖುಷಿಯಾಗಿದ್ದರು. ನಾನು ಸೂಪು ಕುಡಿದು ಮೇಲೆ ಹೋದೆ.

ತರಬೇತಿ ಸಂಸ್ಥೆಯ ಬೋಧಕರು ಆರಡಿ ಎತ್ತರದ ಸಜ್ಜನರು. ಹುದ್ದೆಗೆ ನಿಗದಿಪಡಿಸಿದ ಎದೆಯ ಸುತ್ತಳತೆ ಅವರೊಬ್ಬರಿಗೇ ಇದ್ದುದರಿಂದ ಅವಿರೋಧವಾಗಿ ಆಯ್ಕೆಯಾಗಿದ್ದರು. ಅವರು ಸೌಟಣ್ಣನ ಬಾಯಿ ತೆರೆಸಿ ಹಲ್ಲು ನೋಡಿ "ಐವತ್ತೆಂಟು" ಎಂದು ಬರೆದುಕೊಂಡರು. ಸರಿಯಾಗಿಯೇ ಇತ್ತಂತೆ. ಆಮೇಲೆ ಆರು ವಾರ ನಲವತ್ತು ಜನ ಸಾಲಾಗಿ ನಿಂತು ಕಣ್ಣು ಮುಚ್ಚಿ ಈರುಳ್ಳಿ ಹೆಚ್ಚುವುದನ್ನು ಕಲ್ಪಿಸಿಕೊಂಡರು. ಕಣ್ಣೀರು ಬಂದವರಿಗೆ ಹೆಚ್ಚುವರಿ ಅಂಕ. ಆ ಆರು ವಾರವೂ ನಮ್ಮ ಕ್ಯಾಂಟೀನಿಗೆ ಬೀಗ, ನಾವೆಲ್ಲ ಮನೆಯಿಂದ ಡಬ್ಬಿ ತಂದೆವು.

ಕೊನೆಯ ಪರೀಕ್ಷೆಗೆ ನಾನು ವೀಕ್ಷಕ. ಪ್ರಾಯೋಗಿಕ ವಿಷಯ: ಮೊಟ್ಟೆ ಬೇಯಿಸುವುದು. ಪ್ರತಿಯೊಬ್ಬರೂ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಎಂಟು ನಿಮಿಷ ಅಲುಗಾಡದೆ ನಿಂತು "ಬೆಂದಿದೆ" ಎಂದು ಗಟ್ಟಿಯಾಗಿ ಘೋಷಿಸಬೇಕು. ಮೂವತ್ತೊಂಬತ್ತು ಜನ ಘೋಷಿಸಿದರು. ಸೌಟಣ್ಣ ಮೊಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.

"ಹಸಿಯಾಗಿದೆ ಸಾರ್."

"ಎಂಟು ನಿಮಿಷ ಆಯ್ತಲ್ಲ," ಎಂದರು ಬೋಧಕರು.

"ಎಂಟು ದಿನ ನಿಂತ್ರೂ ಹಸೀನೇ. ಒಲೆ ಇಲ್ಲ, ನೀರಿಲ್ಲ. ಬೆಂದಿದೆ ಅಂತ ಬಾಯಲ್ಲಿ ಹೇಳಿಬಿಡಬಹುದು. ಆದ್ರೆ ಕೊನೆಗೆ ಇದನ್ನ ತಿನ್ನೋರು ಅಂತ ಯಾರೋ ಒಬ್ಬರು ಇರ್ತಾರಲ್ಲ ಸಾರ್?"

ಬೋಧಕರು ನನ್ನ ಕಡೆ ನೋಡಿದರು. ತಿನ್ನುವವರ ಬಗ್ಗೆ ನೀತಿಯಲ್ಲಿ ಏನಾದರೂ ಇದೆಯೇ ಎಂದು ನಾನು ಪುಟ ತಿರುವಿದೆ. ಇರಲಿಲ್ಲ.

ಆತಿಥ್ಯದ ಪರೀಕ್ಷೆಯಲ್ಲಿ ಹನ್ನೊಂದು ಜನರನ್ನು ಅತಿಥಿಗಳೆಂದು ಕೂರಿಸಿ ಎಣಿಸಲು ಹೇಳಲಾಯಿತು. ಸೌಟಣ್ಣ ಎಲ್ಲರ ಮುಖ ನೋಡಿ, "ಹನ್ನೊಂದು ಜನ. ಅದರಲ್ಲಿ ಇಬ್ಬರಿಗೆ ಹಸಿವಿಲ್ಲ, ಆ ಮೂಲೇಲಿ ಕೂತಿರೋ ಅಮ್ಮನಿಗೆ ಹುಷಾರಿಲ್ಲ," ಎಂದು ವರದಿ ಮಾಡಿದರು. ಆಮೇಲೆ ಬೋಧಕರನ್ನು "ನಿಮ್ಮದು ಊಟ ಆಯ್ತಾ ಸಾರ್?" ಎಂದು ಕೇಳಿ ನಕ್ಕರು. ಸಲುಗೆಗೆ ಹತ್ತು ಅಂಕ, ನಗುವಿಗೆ ಹತ್ತು ಅಂಕ ಹೋಯಿತು. ನಲವತ್ತರಲ್ಲಿ ಮೂವತ್ತೊಂಬತ್ತು ಜನ ತೇರ್ಗಡೆಯಾದರು. ಅನುತ್ತೀರ್ಣರಾದ ಏಕೈಕ ಅಭ್ಯರ್ಥಿ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಫಲಿತಾಂಶ ಪ್ರಕಟಿಸಿದ ಸಭೆಯಲ್ಲೇ ನೀತಿಯ ಕರ್ತೃವೆಂಬ ಕಾರಣಕ್ಕೆ ನನಗೆ ಪರೀಕ್ಷೆಯಿಲ್ಲದೆ "ಮುಖ್ಯ ಬಾಣಸಿಗ, ಪ್ರಥಮ ದರ್ಜೆ" ಎಂಬ ಪ್ರಮಾಣಪತ್ರ ಕೊಡಲಾಯಿತು. ಬೇಡವೆನ್ನಬಹುದಾಗಿತ್ತು. ಚೌಕಟ್ಟು ಚೆನ್ನಾಗಿತ್ತು, ತೆಗೆದುಕೊಂಡೆ. ಹೆಂಡತಿ ಅದನ್ನು ಅಡುಗೆಮನೆಯ ಬಾಗಿಲಿಗೆ ಹೊರಗಡೆಯಿಂದ ನೇತುಹಾಕಿದಳು. "ನೀವು ಇದನ್ನು ದಾಟಿ ಒಳಗೆ ಬರಬೇಡಿ," ಎಂದಳು.

ಮರುದಿನದಿಂದ ಕ್ಯಾಂಟೀನಿಗೆ ತೇರ್ಗಡೆಯಾದ ಮೂವರು ಬಂದರು. ಇಡೀ ಕಟ್ಟಡದಲ್ಲಿ ಪ್ರಥಮ ದರ್ಜೆಯವನು ನಾನೊಬ್ಬನೇ ಆದ್ದರಿಂದ ಮೇಲುಸ್ತುವಾರಿ ನನಗೆ ಬಿತ್ತು. ಮೂವರೂ ಆಲೂಗಡ್ಡೆಯ ಬುಟ್ಟಿಯ ಮುಂದೆ ನಲವತ್ತು ನಿಮಿಷ ನೆಟ್ಟಗೆ ನಿಂತು "ಬೆಂದಿದೆ" ಎಂದರು. ನಾನು ಸಹಿ ಹಾಕಿದೆ. ಒಂದು ಗಂಟೆಗೆ ಊಟದವರನ್ನು ಎಣಿಸಲು ಶುರು ಮಾಡಿದೆವು. ಲೆಕ್ಕಕ್ಕೆ ಇಬ್ಬರು ಕಡಿಮೆ ಬಂದರು. ಅವರು ಶೌಚಾಲಯದಲ್ಲಿದ್ದರೆಂದು ಗೊತ್ತಾಗುವಷ್ಟರಲ್ಲಿ ಎರಡೂವರೆ.

ಲೆಕ್ಕ ವಿಭಾಗದ ಮಾವ ಹಸಿ ಆಲೂಗಡ್ಡೆಯನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು. "ಇದು ಬೆಂದಿದೆಯೇನಪ್ಪಾ?" ಎಂದು ಕೇಳಿದರು.

"ನಿಯಮದ ಪ್ರಕಾರ ಬೆಂದಿದೆ ಮಾವ."

"ಹಾಗಾದ್ರೆ ನನ್ನ ಹಲ್ಲಿನದೇ ತಪ್ಪು," ಎಂದು ಅವರು ಮೆಲ್ಲಗೆ ಅದನ್ನು ಕರವಸ್ತ್ರಕ್ಕೆ ವರ್ಗಾಯಿಸಿದರು.

ಸಂಜೆ ನಾನೇ ಸುತ್ತೋಲೆ ಹೊರಡಿಸಿದೆ: "ಆಲೂಗಡ್ಡೆ ಗಟ್ಟಿಯಾಗಿದೆ ಎಂಬ ಮೌಖಿಕ ದೂರುಗಳನ್ನು ಪರಿಗಣಿಸಲಾಗುವುದಿಲ್ಲ. ಲಿಖಿತ ದೂರಿನೊಂದಿಗೆ ಆಲೂಗಡ್ಡೆಯನ್ನು ಎರಡು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು."

ಸೌಟಣ್ಣನನ್ನು ಮುಂದಿನ ಆದೇಶದವರೆಗೆ ಕ್ಯಾಂಟೀನಿನ ಹೊರಗಿನ ಬೆಂಚಿನ ಮೇಲೆ ಕೂರಿಸಲಾಗಿತ್ತು. ಒಗೆದ ಅಂಗಿ ಹಾಕಿಕೊಂಡು ಹತ್ತು ಗಂಟೆಗೆ ಸರಿಯಾಗಿ ಬಂದು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದರು. ನಾನು ಆ ಕಡೆ ಹೋಗುವುದನ್ನು ಬಿಟ್ಟು ಹಿಂದಿನ ಮೆಟ್ಟಿಲು ಹಿಡಿದೆ. ಹತ್ತನೇ ದಿನ ಹಿಂದಿನ ಮೆಟ್ಟಿಲಿಗೆ ಸುಣ್ಣ ಬಳಿಯುತ್ತಿದ್ದರು, ಬೇರೆ ದಾರಿಯಿಲ್ಲದೆ ಎದುರಾದೆ.

"ಸಾರ್, ಹೊಟ್ಟೆ ಹೇಗಿದೆ?" ಎಂದರು.

ಚೆನ್ನಾಗಿದೆ ಎಂದೆ. ಚೆನ್ನಾಗಿರಲಿಲ್ಲ. ಹತ್ತು ದಿನದಿಂದ ಉರಿಯುತ್ತಿತ್ತು.

"ಮುಖ ಬಾಡಿದೆ. ಮನೇಲಿ ಅಮ್ಮಾವ್ರಿಗೆ ಹೇಳಿ ಕುಂಬಳಕಾಯಿ ಬೇಯಿಸಿ ಕೊಡೋಕೆ. ಉಪ್ಪು ಕೊನೇಲಿ ಹಾಕಲಿ." ಆಮೇಲೆ ಕ್ಯಾಂಟೀನಿನ ಬಾಗಿಲ ಕಡೆ ನೋಡಿ, "ನಾನು ಇನ್ನು ಒಳಗೆ ಹೋಗೋ ಹಾಗೇ ಇಲ್ವಾ ಸಾರ್? ಬೈದ್ರೆ ಬೈಸ್ಕೋತೀನಿ. ಕೈ ಸುಮ್ನೆ ಇಟ್ಕೊಂಡು ಕೂರೋಕೆ ಆಗ್ತಿಲ್ಲ," ಎಂದರು.

ಅವರ ಕೈ ನೋಡಿದೆ. ಇಪ್ಪತ್ತಾರು ವರ್ಷದ ಸುಟ್ಟ ಕಲೆಗಳಿದ್ದವು. ನನ್ನ ಕೈಯಲ್ಲಿ ಮಸಿಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ನನಗೆ ನಾಚಿಕೆಯಾಯಿತು, ಅದು ಸುಲಭಕ್ಕೆ ಆಗುವ ಇಲಾಖೆಯಲ್ಲ ನಮ್ಮದು. ನೇರ ಕಾರ್ಯದರ್ಶಿಗಳ ಕೋಣೆಗೆ ಹೋದೆ.

"ಸಾರ್, ಒಂದು ಎಡವಟ್ಟಾಗಿದೆ. ಆ ನೀತಿ ನಾನು ಬರೆದಿದ್ದಲ್ಲ. ಸೆರೆಮನೆ ಕಾವಲುಗಾರರ ಕಡತದಿಂದ ಎತ್ತಿದ್ದು."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿದರು. ಅವರೂ ಹತ್ತು ದಿನದಲ್ಲಿ ಸೊರಗಿದ್ದರು.

"ಗೊತ್ತು ಕಣ್ರೀ. ಆ ಸೆರೆಮನೆ ಕಡತ ಬರೆದೋನು ನಾನೇ. ಆಗ ನಾನು ನಿಮ್ಮ ಕುರ್ಚೀಲಿ ಇದ್ದೆ."

"ಹಾಗಾದ್ರೆ ನಿಮಗೆ ಓದಿದಾಗಲೇ..."

"ಬರೆದೆ ಅಂದ್ರೆ, ನಾನೂ ಎಲ್ಲಿಂದಲೋ ತೆಗೆದಿದ್ದೆ. ಕುದುರೆ ಲಾಯದ ಕಡತದಿಂದ."

ಹಲ್ಲು ನೋಡಿ ವಯಸ್ಸು ನಿರ್ಧರಿಸುವ ನಿಯಮ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು. ಕುದುರೆ ಲಾಯದವರು ಎಲ್ಲಿಂದ ತೆಗೆದಿದ್ದರೋ ಕೇಳುವ ಧೈರ್ಯವಾಗಲಿಲ್ಲ.

"ರದ್ದು ಮಾಡೋಣವಾ ಸಾರ್?"

"ಎಲ್ಲಾ ಊರಿನ ಕೇಂದ್ರಗಳೂ ಸೇರಿ ಹತ್ತು ಸಾವಿರ ಜನ ಆಗಲೇ ಪಾಸಾಗಿದ್ದಾರೆ. ಮಂತ್ರಿಗಳು ಭಾಷಣದಲ್ಲಿ ಹೇಳಿಬಿಟ್ಟಿದ್ದಾರೆ. ಈಗ ರದ್ದು ಮಾಡಿದ್ರೆ ಅವರೆಲ್ಲ ಹಸಿ ಮೊಟ್ಟೆ ಅಂತ ಒಪ್ಪಿಕೊಂಡ ಹಾಗಾಗುತ್ತೆ." ಅವರು ಮೇಜಿನ ಮೇಲಿದ್ದ ಆಲೂಗಡ್ಡೆಯನ್ನು ಕಾಗದಗಳ ಮೇಲೆ ಭಾರಕ್ಕೆಂದು ಸರಿಸಿಟ್ಟರು. "ಆದ್ರೆ ಇವರೇ, ಮಧ್ಯಾಹ್ನದ ಊಟಕ್ಕೆ ಏನಾದ್ರೂ ಮಾಡಿ. ನೀತಿಗೆ ಧಕ್ಕೆ ಬರದ ಹಾಗೆ ಮಾಡಿ. ಬೇಗ ಮಾಡಿ."

ಜೀವನದಲ್ಲಿ ಮೊದಲ ಬಾರಿಗೆ ನಾನು ನನ್ನ ನೀತಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಬೇಕಾದದ್ದು ಕೊನೆಯ ನಿಯಮದಲ್ಲಿತ್ತು.

ನಿಯಮ ಮೂವತ್ತೊಂದು: ಅನುತ್ತೀರ್ಣನಾದ ಅಭ್ಯರ್ಥಿಯು, ತಪ್ಪು ವಿಧಾನ ಹೇಗಿರುತ್ತದೆಂಬುದನ್ನು ಇತರರು ಅರಿಯುವ ಸಲುವಾಗಿ, ತಪ್ಪು ನಡೆದ ಸ್ಥಳದಲ್ಲಿಯೇ, ಪ್ರಥಮ ದರ್ಜೆಯ ಅಧಿಕಾರಿಯ ಸಮ್ಮುಖದಲ್ಲಿ ಅದನ್ನು ಪ್ರತಿದಿನ ಮಾಡಿ ತೋರಿಸಬಹುದು. ತಪ್ಪಿನಿಂದ ಉಂಟಾದ ವಸ್ತುವನ್ನು ಅಂದೇ ಸಂಪೂರ್ಣವಾಗಿ ನಾಶಪಡಿಸತಕ್ಕದ್ದು.

ಮರುದಿನ ಸೌಟಣ್ಣ "ತಪ್ಪು ಪ್ರದರ್ಶಕ" ಎಂಬ ಹುದ್ದೆಗೆ ನೇಮಕಗೊಂಡು ಒಳಗೆ ಹೋದರು. ಒಲೆಯ ಮೇಲೆ ಬೋರ್ಡು ಹಾಕಿಸಿದೆ: "ಇಲ್ಲಿ ತಪ್ಪು ವಿಧಾನವನ್ನು ಪ್ರದರ್ಶಿಸಲಾಗುತ್ತಿದೆ. ಯಾರೂ ಅನುಕರಿಸಬಾರದು." ಸೌಟಣ್ಣ ಬೆಂಕಿ ಹೊತ್ತಿಸಿದರು, ಅದು ಮೊದಲ ತಪ್ಪು. ಚಾಕು ಹಿಡಿದರು, ಎರಡನೆಯದು. ಈರುಳ್ಳಿ ಹಾಕಿ ಬೆನ್ನು ತಿರುಗಿಸಿ ನಿಂತರು. ಪ್ರಮಾಣಪತ್ರ ಪಡೆದ ಮೂವರೂ ಪುಸ್ತಕ ಹಿಡಿದು ತಪ್ಪುಗಳನ್ನು ಬರೆದುಕೊಂಡರು, ಅವರಲ್ಲೊಬ್ಬನ ಬಾಯಲ್ಲಿ ನೀರೂರಿ ಪುಸ್ತಕದ ಮೇಲೆ ಬಿತ್ತು. ಹನ್ನೊಂದು ಮುಕ್ಕಾಲಿಗೆ ನಾಲ್ಕನೇ ಮಹಡಿಯಲ್ಲಿ ಕಡತಗಳು ನಿಂತವು. ಬೆರಳಚ್ಚಿನ ಅಕ್ಕ ಅತ್ತೇಬಿಟ್ಟಳೆಂದು ಕೇಳಿದೆ.

ಇಲಾಖೆಯ ಇನ್ನೂರ ಹತ್ತು ಜನ ಅಂದಿನಿಂದ ದಿನಾ ಒಂದು ಗಂಟೆಗೆ ಕ್ಯಾಂಟೀನಿನಲ್ಲಿ ಸೇರಿ ತಪ್ಪನ್ನು ನಾಶಪಡಿಸುತ್ತೇವೆ. ನಾಶಪಡಿಸಿದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕುತ್ತೇವೆ. ಕಾರ್ಯದರ್ಶಿಗಳು ಎರಡೆರಡು ಸಲ ಹಾಕುತ್ತಾರೆ. ಲೆಕ್ಕ ವಿಭಾಗದ ಮಾವ ಮನೆಯಲ್ಲೂ ಸ್ವಲ್ಪ ನಾಶಪಡಿಸಬೇಕಾಗಿದೆಯೆಂದು ಡಬ್ಬಿ ತರುತ್ತಾರೆ.

ಒಂದೇ ಒಂದು ಷರತ್ತು ಉಳಿದಿತ್ತು. ತಪ್ಪು ಪ್ರದರ್ಶಕನಿಗೆ ಪ್ರತಿ ಶನಿವಾರ ಮರುಪರೀಕ್ಷೆ ನಡೆಸಬೇಕು, ಪರೀಕ್ಷಕ ನಾನು. ಪಾಸಾಗಲು ಮೂವತ್ತೈದು ಅಂಕ ಬೇಕು. ಪಾಸಾದ ದಿನ ಅವರು ತಪ್ಪು ಮಾಡುವ ಹಕ್ಕು ಕಳೆದುಕೊಳ್ಳುತ್ತಾರೆ, ಮೊಟ್ಟೆ ಹಿಡಿದು ನಿಲ್ಲಬೇಕಾಗುತ್ತದೆ. ಆದ್ದರಿಂದ ನಾನು ಪ್ರತಿ ಶನಿವಾರ ಸೌಟಣ್ಣನನ್ನು ಫೇಲು ಮಾಡುತ್ತೇನೆ. ನೂರಕ್ಕೆ ಮೂವತ್ತನಾಲ್ಕು. ಅದಕ್ಕಿಂತ ಕಡಿಮೆ ಕೊಡಲು ಕೈ ಬರುವುದಿಲ್ಲ.

ಕಳೆದ ತಿಂಗಳು ಮಂತ್ರಿಗಳು ತಪಾಸಣೆಗೆ ಬಂದರು. ಎರಡು ತಟ್ಟೆ ನಾಶಪಡಿಸಿ, ಕೈ ತೊಳೆದು, ಬೋರ್ಡು ಓದಿದರು.

"ತಪ್ಪು ವಿಧಾನವೇ ಇಷ್ಟು ರುಚಿ ಇದ್ರೆ, ಸರಿಯಾದ ವಿಧಾನ ಇನ್ನೆಷ್ಟಿರಬೇಡ!" ಎಂದು ಉದ್ಗರಿಸಿ ನನ್ನ ಕೈ ಕುಲುಕಿದರು. ವರ್ಷದ ಶ್ರೇಷ್ಠ ಬಾಣಸಿಗ ಪ್ರಶಸ್ತಿ ನನಗೆ ಬಂದಿದೆ. ಸಮಾರಂಭದಲ್ಲಿ ನನ್ನ ಅಡುಗೆಯ ಗುಟ್ಟೇನೆಂದು ಕೇಳಿದರು. ಹಳೆಯ ಕಡತಗಳನ್ನು ಗೌರವಿಸಬೇಕು ಎಂದೆ, ಭಾರಿ ಚಪ್ಪಾಳೆ ಬಿತ್ತು. ಹೆಂಡತಿ ಅದನ್ನೂ ಅಡುಗೆಮನೆಯ ಹೊರಗೇ ನೇತುಹಾಕಿದ್ದಾಳೆ.

ಮೊನ್ನೆ ಶನಿವಾರ ನಾನು ಅಂಕಪಟ್ಟಿ ಹಿಡಿದು ಕ್ಯಾಂಟೀನಿಗೆ ಹೋದಾಗ ಸೌಟಣ್ಣ ಒಬ್ಬರೇ ಇದ್ದರು. ಬಾಣಲೆಯಲ್ಲಿ ಈರುಳ್ಳಿ ಸದ್ದು ಮಾಡುತ್ತಿತ್ತು.

"ಇವತ್ತೂ ಫೇಲಾ ಸಾರ್?"

"ಫೇಲು ಸೌಟಣ್ಣ."

"ಆಗ್ಲಿ." ಬೆನ್ನು ತಿರುಗಿಸಿಕೊಂಡೇ ಹೇಳಿದರು, "ಇಪ್ಪತ್ತಾರು ವರ್ಷ ನನ್ನ ಅಡುಗೆಗೆ ಯಾರೂ ಅಂಕ ಕೊಟ್ಟಿರ್ಲಿಲ್ಲ. ಈಗ ವಾರಾವಾರ ಬರುತ್ತೆ. ಮನೇಲಿ ಮೊಮ್ಮಗಳು ಕಾಯ್ತಿರ್ತಾಳೆ. ಅಜ್ಜ, ಈ ಸಲ ಪಾಸಾದ್ಯಾ ಅಂತಾಳೆ."

"ನೀವೇನು ಹೇಳ್ತೀರಿ?"

"ಮುಂದಿನ ವಾರ ಆಗ್ತೀನಿ ಕಂದ ಅಂತೀನಿ. ಅವಳೂ ಗಣಿತದಲ್ಲಿ ಫೇಲು. ಇಬ್ಬರೂ ಒಟ್ಟಿಗೆ ಓದ್ಕೊಳ್ಳೋಣ ಅಂತ ಹೇಳಿದ್ದಾಳೆ."

ಪಾಸಾಗಲು ಬೇಕಿದ್ದದ್ದು ಒಂದೇ ಒಂದು ಅಂಕ. ಆ ಕ್ಷಣ ನೂರಕ್ಕೆ ನೂರು ಬರೆದು ಕೆಳಗೆ ಸಹಿ ಹಾಕಿ ಇಲಾಖೆಯಿಂದ ಎದ್ದು ಹೋಗಿಬಿಡೋಣವೆನಿಸಿತು. ಪೆನ್ನಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ಈರುಳ್ಳಿಯ ಸದ್ದು ಬದಲಾಯಿತು, ನನಗೂ ಕೇಳಿಸಿತು. ಸೌಟಣ್ಣ ತಿರುಗಿ ಉರಿ ಇಳಿಸಿದರು, ಒಲೆಯ ಮೂಲೆಯಿಂದ ಸಣ್ಣ ಪಾತ್ರೆ ತಂದು ನನ್ನ ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಇಟ್ಟರು. ಪಕ್ಕದಲ್ಲಿ ಬ್ರೆಡ್ಡಿನ ತುದಿ ಇತ್ತು.

"ಮೊದಲು ತಿನ್ನಿ ಸಾರ್, ಆರಿಹೋಗುತ್ತೆ. ಫೇಲ್ ಆಮೇಲೆ ಮಾಡಿ."

ತಿಂದೆ. ಪಾತ್ರೆ ಒರೆಸಿ ತಿಂದೆ. ಆಮೇಲೆ ಮೂವತ್ತನಾಲ್ಕು ಎಂದು ಬರೆದು, ನಾಶಪಡಿಸಿದ್ದಕ್ಕೂ ಸಹಿ ಹಾಕಿ, ನಾಲ್ಕನೇ ಮಹಡಿಗೆ ಹೋದೆ.